ಗಂಗಕ್ಕನ ಖಣಗಳು ಮತ್ತು ಕಪ್ಪು ಪರದೆ

ಯಾರಾದರೂ ತಮ್ಮ ಮಾತನ್ನು 'ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ' ಎಂದು ಆರಂಭಿಸಿದರೆ ನನಗೆ ಅಂಗೈ ತುರಿಸತೊಡಗುತ್ತದೆ. ಎಲ್ಲರಿಗೂ ಎಂದರೆ ಯಾರಿಗೆ? ಅವರಿಗೆ ಹೇಳಿದವರು ಯಾರು? ಹೇಳಿದವರು ಕಣ್ಣಾರೆ ಕಂಡಿದ್ದರೇ, ಇಲ್ಲ ಅವರಿಗೂ ಇನ್ಯಾರೋ 'ಎಲ್ಲರೂ' ಹೇಳಿದ್ದರೇ? ಮ್ಯಾಟ್ರಿಕ್ ಮುಗಿಸಿ ಬೆಳಗಾವಿಯಿಂದ ಪುಣೆಗೆ ಬಂದು, ಒಂದು ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು ಬೋಲ್ಟುಗಳ ನಡುವೆ ನೌಕರಿ ಸವೆಸಿದ ನನಗೆ ಕಾಲೇಜು ಎಂಬುದು ಹೊರಗಿನಿಂದ ಕಂಡ ಕಟ್ಟಡ. ಕಲಿತದ್ದೆಲ್ಲ ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಅದೂ ನಿಂತುಕೊಂಡು. ಗುರುವಿಲ್ಲದೆ ಕಲಿತವನಿಗೆ ಒಂದು ಅನುಕೂಲವಿದೆ: ಯಾರ ಮಾತನ್ನೂ ಗೌರವಕ್ಕಾಗಿ ನಂಬಬೇಕಾದ ಹಂಗು ಅವನಿಗಿಲ್ಲ. ಒಂದು ಅನಾನುಕೂಲವೂ ಇದೆ. ಅದು ಅವನೊಬ್ಬನನ್ನು ಬಿಟ್ಟು ಮನೆಯ ಉಳಿದೆಲ್ಲರಿಗೂ ತಿಳಿದಿರುತ್ತದೆ. ನಮ್ಮ ಮುತ್ತಜ್ಜ ಬರಿಯ ಕೊಡೆ ಬಿಚ್ಚಿ ಹುಲಿಯನ್ನು ಓಡಿಸಿದರೆಂಬ ಮನೆತನದ ಕಥೆಯನ್ನು ನಾನು ಹುಡುಗನಾಗಿದ್ದಾಗಲೇ ಪ್ರಶ್ನಿಸಿ ಪೆಟ್ಟು ತಿಂದವನು. ಸ್ವಾರಗೇಟಿನಲ್ಲಿ ಹಿಂದೆ ಕುದುರೆ ಸವಾರರ ಕಾವಲಿತ್ತು, ಅದಕ್ಕೇ ಆ ಹೆಸರು ಎಂದು ಬಸ್ಸಿನಲ್ಲಿ ಪಕ್ಕ ಕುಳಿತವರೊಬ್ಬರು ವಿವರಿಸಿದಾಗ 'ಆಧಾರ?' ಎಂದು ಕೇಳಿದೆ. ಅವರು ಮುಂದಿನ ನಿಲ್ದಾಣದಲ್ಲಿ ಇಳಿದುಹೋದರು. ಅವರು ಇಳಿಯಬೇಕಾದ ನಿಲ್ದಾಣವೇ ಅದಾಗಿದ್ದೀತು ಎಂದು ನನ್ನ ಹೆಂಡತಿ ಸುಶೀಲಾ ಸಮಾಧಾನ ಹೇಳಿದಳು. ಅದಕ್ಕೂ ಆಧಾರವಿಲ್ಲ.

ಇಂಥ ನನಗೆ ಈ ಇಳಿವಯಸ್ಸಿನಲ್ಲಿ ತಗುಲಿಕೊಂಡದ್ದು ಇತಿಹಾಸದ ಪ್ರಶ್ನೆಯಲ್ಲ, ಒಂದು ಖಣದ ಪ್ರಶ್ನೆ. ಖಣವೆಂದರೆ ಕುಪ್ಪಸದ ಬಟ್ಟೆ ಎಂದು ನಿಘಂಟು ಹೇಳೀತು. ಆದರೆ ಅದರಿಂದ ಕುಪ್ಪಸ ಹೊಲಿಸಿಕೊಂಡವರನ್ನು ನಾನು ಕಂಡದ್ದು ಅಪರೂಪ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಕಾರ್ಯಕ್ಕೆ ಬಂದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಕೊಟ್ಟು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿಗಳ ಜೊತೆಗೆ ಖಣವನ್ನೂ ಇಟ್ಟು ಉಡಿ ತುಂಬುತ್ತಾರೆ. ಆ ಖಣ ಅವರ ಮನೆಯ ಪೆಟ್ಟಿಗೆ ಸೇರಿ, ಅಲ್ಲಿ ಒಂದಷ್ಟು ಕಾಲ ವಿಶ್ರಮಿಸಿ, ಮುಂದಿನ ಕಾರ್ಯದಲ್ಲಿ ಮತ್ತೊಬ್ಬರ ಉಡಿ ಸೇರುತ್ತದೆ. ಗುಳೇದಗುಡ್ಡದ ಮಗ್ಗದಲ್ಲಿ ಹುಟ್ಟಿದ್ದು ಧಾರವಾಡದಲ್ಲಿ ಮದುವೆ ಉಂಡು, ಬೆಳಗಾವಿಯಲ್ಲಿ ಮುಂಜಿ ನೋಡಿ, ಪುಣೆಯ ಗೃಹಪ್ರವೇಶಕ್ಕೆ ಬಂದು, ಕತ್ತರಿಯ ಮುಖವನ್ನೇ ಕಾಣದೆ ಮುದಿಯಾಗುತ್ತದೆ. ಇದು ಹೀಗೆಯೇ ಎಂಬುದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಆದರೂ ಪ್ರತಿಯೊಬ್ಬರೂ ಅದನ್ನು ಅಂದು ಬೆಳಿಗ್ಗೆಯೇ ತಮಗಾಗಿ ಕೊಂಡು ತಂದದ್ದೆಂಬಂತೆ ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತಾರೆ. ಇಷ್ಟು ಉದಾರವಾದ ಈ ವ್ಯವಸ್ಥೆಗೆ ಕಠಿಣವಾದ ಕಟ್ಟಳೆ ಒಂದೇ: ಕೊಟ್ಟವರಿಗೇ ಅದನ್ನು ಮರಳಿ ಕೊಡಬಾರದು.

ಕಳೆದ ವರ್ಷ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಈ ಕಟ್ಟಳೆ ಮುರಿಯಿತು. ಅಥವಾ ಮುರಿಯಿತೆಂದು ಒಂದು ಪಕ್ಷದ ಆರೋಪ. ಆರೋಪಿಸಿದವಳು ನನ್ನ ಅಕ್ಕ ಗಂಗಕ್ಕ. ಇಂದಾಪುರದ ಕಬ್ಬಿನ ತೋಟದ ಮನೆಗೆ ಸೇರಿ, ಅಲ್ಲಿಯ ಸೊಸೆಯರಿಗೂ ಮಗ್ಗುಲ ಹೊಲದವರಿಗೂ ಏಕಪ್ರಕಾರವಾಗಿ ಬುದ್ಧಿ ಹೇಳುತ್ತ ಬಂದವಳು. ಉಡಿ ತುಂಬಿಸಿಕೊಂಡು, ಖಣದ ಮಡಿಕೆಯನ್ನು ಬಿಡಿಸಿ ನೋಡಿದಳು. ಗಿಳಿಹಸಿರು ಒಡಲು, ಕೆಂಪು ಅಂಚು.

"ಸುಶೀಲಾ, ಇದು ನಾ ಕೊಟ್ಟ ಖಣ."

"ಅಲ್ಲರಿ ಅಕ್ಕಾರ, ಇದು ಮ್ಯಾಲಿನ ಮನಿ ಶಾಂತಾಬಾಯಿ ಕೊಟ್ಟದ್ದು."

"ಅಂದ್ರ ನನ್ನ ಕಣ್ಣು ಹೋಗ್ಯಾವೇನು?"

"ಕಣ್ಣು ಚೆಂದ ಅವರಿ. ನೆನಪು ಅಂಬೂದು ಮಾತ್ರ…"

ಸುಶೀಲಾ ವಾಕ್ಯವನ್ನು ಪೂರ್ತಿ ಮಾಡಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ. ಗಂಗಕ್ಕ ಖಣವನ್ನು ತಟ್ಟೆಯಲ್ಲೇ ಬಿಟ್ಟು, ಎಲೆಗೆ ಬಿದ್ದಿದ್ದ ಹೋಳಿಗೆಯನ್ನೂ ಮುಟ್ಟದೆ, ಸ್ವಾರಗೇಟಿಗೆ ಹೋಗಿ ಸಿಕ್ಕ ಬಸ್ಸು ಹತ್ತಿದಳು. ಅಂದಿನಿಂದ ಅತ್ತಿಗೆ ನಾದಿನಿಯರಲ್ಲಿ ಮಾತಿಲ್ಲ. ಆ ಗಿಳಿಹಸಿರು ಖಣ ಮಾತ್ರ ನಮ್ಮ ಪೆಟ್ಟಿಗೆಯ ಒಂದು ಮೂಲೆಯಲ್ಲಿ, ಪೊಲೀಸರು ಮುದ್ರೆ ಹಾಕಿಟ್ಟ ಸಾಕ್ಷ್ಯದಂತೆ, ಬೇರೆ ಕಾಗದದಲ್ಲಿ ಸುತ್ತಿಸಿಕೊಂಡು ಕುಳಿತಿತ್ತು.

ಹೀಗಿರಲಾಗಿ ನಮ್ಮ ಮಗಳು ಮೇಧಾಳ ಕುಬಸದ ಕಾರ್ಯ ಬಂತು. ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಆ ಕಾರ್ಯದಲ್ಲಿ ಮೊದಲ ಉಡಿ ಸೋದರತ್ತೆಯದೇ ಆಗಬೇಕೆಂದು ಮಗಳು ಪಟ್ಟು ಹಿಡಿದಳು. "ಅತ್ಯಾ ಬರಲಿಲ್ಲಾಂದ್ರ ನಾ ಹಸಿರು ಸೀರಿ ಉಡೂದs ಇಲ್ಲ" ಎಂದು ಇಂದಾಪುರಕ್ಕೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಅತ್ತಲಿಂದ ಗಂಗಕ್ಕನ ದನಿ ಬಂತು: "ನಿಮ್ಮಪ್ಪ ಅದಾನೇನ ಅಲ್ಲೆ? ವಾಮ್ಯಾ, ಕೇಳಿಲ್ಲೆ. ನನ್ನ ಖಣ ನನಗs ತಿರುಗಿ ಬರೂದಿಲ್ಲಂತ ನೀ ಮಾತು ಕೊಟ್ರ ಬರ್ತೀನಿ. ಇನ್ನೊಮ್ಮೆ ಹಂಗಾತು ಅಂದ್ರ ನಿನ್ನ ಮನಿ ಹೊಸ್ತಲಾ ತುಳಿಯೂದಿಲ್ಲ." ನಾನು ಮಾತು ಕೊಟ್ಟೆ. ಬೇರೆ ಯಾರೇ ಆಗಿದ್ದರೂ ಹೆಂಡತಿಯಿಂದ ಒಂದು 'ತಪ್ಪಾಯಿತು' ಹೇಳಿಸಿ ಹೋಳಿಗೆಯ ಸಿದ್ಧತೆಗೆ ತೊಡಗುತ್ತಿದ್ದರು. ಆದರೆ ನನಗೆ ಬೇಕಾದದ್ದು ರಾಜಿಯಲ್ಲ, ಸತ್ಯ. ಆ ಗಿಳಿಹಸಿರು ಖಣ ನಿಜಕ್ಕೂ ಯಾರು ಕೊಟ್ಟದ್ದು? ಹೆಂಡತಿಯದು ಒಂದು ಹೇಳಿಕೆ, ಅಕ್ಕನದು ಒಂದು ಹೇಳಿಕೆ. ಎರಡಕ್ಕೂ ಅವರವರ ದನಿಯ ಎತ್ತರವೇ ಆಧಾರ.

ಯೆರವಡಾದ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಕೆಲಸ ಮಾಡುವ ನಮ್ಮ ಅಳಿಯ ಚೇತನ್ ಮೈಸೂರಿನವನು, ಸಾತ್ವಿಕ. ಸಮಸ್ಯೆ ಕೇಳಿದ ಕೂಡಲೇ ಪರಿಹಾರ ಕೊಟ್ಟೇಬಿಟ್ಟ. "ಇದೇನ್ ದೊಡ್ಡ ವಿಷ್ಯ ಮಾವ, ವೀಕೆಂಡಲ್ಲಿ ಒಂದ್ ಆ್ಯಪ್ ಮಾಡ್ಕೊಡ್ತೀನಿ. ಖಣದ್ ಫೋಟೋ ಹೊಡೀರಿ, ಬಟನ್ ಒತ್ತಿ, ಮುಗೀತು."

"ಗುಂಡಿ ಒತ್ತಿದ ಮ್ಯಾಲೆ ಹಿಂದ ಏನ ನಡೀತದ?"

"ಹಿಂದೆ ಏನಾಗುತ್ತೋ ಅದು ನಿಮಗ್ಯಾಕೆ ಮಾವ?"

ಅಲ್ಲಿಗೆ ಆ್ಯಪಿನ ಕಥೆ ಮುಗಿಯಿತು. 'ಹಿಂದೆ ಏನಾಗುತ್ತದೋ ಅದು ನಿನಗೇಕೆ' ಎಂಬ ಮಾತನ್ನು ನಾನು ವಿದ್ಯುತ್ ಕಚೇರಿಯ ಕಿಂಡಿಯಲ್ಲಿ ಕೇಳಿದ್ದೇನೆ, ದೊಡ್ಡ ಡಾಕ್ಟರರ ಕೋಣೆಯಲ್ಲಿ ಕೇಳಿದ್ದೇನೆ, ಶಾಂತಿ ಹೋಮದ ಸಾಮಾನು ಬರೆಸಿದ ಪುರೋಹಿತರಿಂದಲೂ ಕೇಳಿದ್ದೇನೆ. ಮನೆಯಲ್ಲೂ ಅದನ್ನು ಕೇಳುವ ಇಚ್ಛೆ ನನಗಿರಲಿಲ್ಲ. ನನ್ನ ಮುಖ ನೋಡಿ ಚೇತನ್ ಬೇರೊಂದು ದಾರಿ ತೋರಿಸಿದ. ಗುಂಡಿ, ಚಿತ್ರ, ಬಣ್ಣ ಯಾವುದೂ ಇಲ್ಲದ ಒಂದು ಸಾಧನವಿದೆಯಂತೆ. ಕಪ್ಪು ಪರದೆ, ಅದರಲ್ಲಿ ಮಿಟುಕುವ ಒಂದು ಗೆರೆ, ಅಷ್ಟೇ. ನಾವು ಆಜ್ಞೆಯನ್ನು ಅಕ್ಷರದಲ್ಲಿ ಬರೆಯಬೇಕು, ಅದು ಬರೆದಷ್ಟನ್ನು ಮಾಡಬೇಕು. ಅದರೊಳಗೆ ಮಾಹಿತಿಯನ್ನು ಕೋಷ್ಟಕಗಳಾಗಿ ಇಡಬಹುದು: ಜನರದೊಂದು, ಖಣಗಳದೊಂದು, ಕಾರ್ಯಗಳದೊಂದು. ಕೇಳಿದಾಗ ಅವು ಒಂದನ್ನೊಂದು ಕೈಹಿಡಿದು ಬಂದು ಉತ್ತರ ಹೇಳುತ್ತವೆ. ಉಗ್ರಾಣದ ಕಾರ್ಡುಗಳಲ್ಲಿ ನಾನು ಮಾಡುತ್ತಿದ್ದದ್ದೂ ಇದನ್ನೇ. ಅಲ್ಲಿ ಕೈ ಮಾತ್ರ ನನ್ನದಿತ್ತು. ಬರೆದಷ್ಟನ್ನೇ ಮಾಡುವ, ತನ್ನದೇನನ್ನೂ ಸೇರಿಸದ ಸಾಕ್ಷಿಯನ್ನು ನಾನು ಮನುಷ್ಯಕುಲದಲ್ಲಿ ಕಂಡಿರಲಿಲ್ಲ. ಚೇತನ್ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಕೂಡಿಸಿಕೊಟ್ಟು, "ಬೇಜಾರಾದ್ರೆ ಹೇಳಿ ಮಾವ, ಆ್ಯಪ್ ಮಾಡೋಣ" ಎಂದು ಹೊರಟುಹೋದ.

ಮೊದಲ ದಿನ ಒಂದು ಆಜ್ಞೆ ಬರೆದು ಎಂಟರ್ ಒತ್ತಿ ಕೈಕಟ್ಟಿ ಕುಳಿತೆ. ಪರದೆ ಮೂರು ಚುಕ್ಕಿಗಳನ್ನು ತೋರಿಸಿ ಸುಮ್ಮನಾಯಿತು. ಆಲೋಚಿಸುತ್ತಿದೆ, ಆತುರ ಪಡಿಸಬಾರದು ಎಂದು ಚಹ ಕುಡಿದು ಬಂದೆ. ಆಗಲೂ ಆಲೋಚಿಸುತ್ತಿತ್ತು. ಸುಶೀಲಾ ಬಾಗಿಲಲ್ಲಿ ನಿಂತು, "ಅದು ನಿಮ್ಮನ್ನ ಕಾಯ್ಲಿಕ್ಕತ್ತದೋ, ನೀವು ಅದನ್ನ ಕಾಯ್ಲಿಕ್ಕತ್ತೀರೋ?" ಎಂದು ಕೇಳಿದಳು. ಆಜ್ಞೆಯ ತುದಿಗೆ ಒಂದು ಅರ್ಧವಿರಾಮದ ಚಿಹ್ನೆ ಇಡದಿದ್ದರೆ, ಮಾತು ಇನ್ನೂ ಮುಗಿದಿಲ್ಲವೆಂದು ತಿಳಿದು ಅದು ಎಷ್ಟು ಹೊತ್ತಾದರೂ ಕಾಯುತ್ತದೆಂದು ಆಮೇಲೆ ತಿಳಿಯಿತು. ನನ್ನ ಮಾತು ಮುಗಿಯುವವರೆಗೆ ಕಾಯುವ ಶ್ರೋತೃ! ಅಂದಿನಿಂದ ನನಗೆ ಅದರ ಮೇಲೆ ಒಂದು ಬಗೆಯ ಮಮತೆ ಹುಟ್ಟಿತು. ಇನ್ನೊಂದು ಗುಣ ಅದಕ್ಕಿಂತ ಹೆಚ್ಚಿನದು. ತಪ್ಪು ಬರೆದರೆ ಮಾತ್ರ ಅದು ತಕರಾರು ಮಾಡುತ್ತದೆ. ಏನನ್ನಾದರೂ ಬದಲಿಸು ಎಂದರೆ ಬದಲಿಸಿ, 'ಆಯಿತು' ಎಂದು ಕೂಡ ಹೇಳದೆ ಮುಂದಿನ ಅಪ್ಪಣೆಗೆ ಸಿದ್ಧವಾಗುತ್ತದೆ. ಮೌನವೇ ಪಾಲನೆಯ ಗುರುತು. ನೌಕರಿಯ ಕಾಲದಲ್ಲಿ ಇಂಥ ಒಬ್ಬ ಸಹಾಯಕನಿಗಾಗಿ ಎಷ್ಟು ಅರ್ಜಿ ಬರೆದಿದ್ದೆ!

ಆಮೇಲೆ ಸಾಕ್ಷ್ಯ ಸಂಗ್ರಹ. ಪೆಟ್ಟಿಗೆಯನ್ನು ಪಡಸಾಲೆಗೆ ತಂದು, ಒಂದೊಂದೇ ಖಣವನ್ನು ಎತ್ತಿ ತೋರಿಸಿ, ಸುಶೀಲಾಳನ್ನು ವಿಚಾರಣೆ ಮಾಡಿದೆ. ಅವಳ ಉತ್ತರಗಳನ್ನು ಕೋಷ್ಟಕದಲ್ಲಿ ಕೂಡಿಸುವುದು ಸುಲಭವಾಗಿರಲಿಲ್ಲ. "ಇದು ಯಾರು ಕೊಟ್ಟದ್ದು?" ಎಂದರೆ "ಅದs, ಆ ಮದುವ್ಯಾಗ ಬುಂದೆ ಲಾಡು ಗಟ್ಟಿ ಆಗಿದ್ದುವಲ್ಲ, ಅವರು" ಎನ್ನುತ್ತಾಳೆ. "ಯಾವ ಕಾರ್ಯದಾಗ?" ಎಂದರೆ "ನಿಮಗ ಹೊಟ್ಟಿ ಕೆಟ್ಟಿತ್ತಲ್ಲ, ಆವಾಗ." ನನ್ನ ಹೊಟ್ಟೆಯ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ಕಾಲನಿರ್ಣಯ ಮಾಡಬೇಕಾಯಿತು. ಆದರೂ ಬಿಡಲಿಲ್ಲ. ಹೆಸರುಗಳನ್ನೆಲ್ಲ ಕನ್ನಡದಲ್ಲೇ ತುಂಬಿದೆ. ಕಪ್ಪು ಪರದೆಗೆ ನಮ್ಮ ಒತ್ತಕ್ಷರಗಳ ಅಭ್ಯಾಸ ಸಾಲದು. ಅವು ಮೆಟ್ಟಿಲು ತಪ್ಪಿದವರಂತೆ ಅತ್ತಿತ್ತ ಜಾರುತ್ತಿದ್ದವು. ಆದರೂ ಓದಲು ಬರುತ್ತಿತ್ತು.

ಕೊನೆಗೆ ಉಳಿದದ್ದು ಗಿಳಿಹಸಿರು ಖಣ. ಸುಶೀಲಾಳ ಹೇಳಿಕೆಯಂತೆ ಮೊದಲು ಅದರ ಮುಂದೆ ಶಾಂತಾಬಾಯಿಯ ಹೆಸರನ್ನೇ ಬರೆದೆ. ಆದರೆ ಹಳೆಯ ಫೋಟೋಗಳನ್ನು ಕೆದಕುವಾಗ, ಮೇಧಾಳ ಮದುವೆಯ ಒಂದು ಚಿತ್ರದಲ್ಲಿ ಗಂಗಕ್ಕ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ಕೆಂಪು ಅಂಚಿನ ಹಸಿರು ಬಟ್ಟೆ. ಅಕ್ಕನೇ ಸರಿ! ಸತ್ಯ ಸಿಕ್ಕಿತ್ತು, ಅದೂ ಹೆಂಡತಿಯ ವಿರುದ್ಧ ಸಿಕ್ಕಿತ್ತು. ಇಂಥ ಗಳಿಗೆಯಲ್ಲಿ ಗಂಡಸಿನ ಕೈಬೆರಳುಗಳಿಗೆ ಬರುವ ವೇಗವನ್ನು ಬಲ್ಲವರೇ ಬಲ್ಲರು. ಖಣಗಳ ಕೋಷ್ಟಕದಲ್ಲಿ ಕೊಟ್ಟವರ ಹೆಸರನ್ನು ಗಂಗಕ್ಕ ಎಂದು ಬದಲಿಸು ಎಂದು ಆಜ್ಞೆ ಬರೆದು, ಮರೆಯದೆ ಚಿಹ್ನೆಯನ್ನೂ ಇಟ್ಟು, ಎಂಟರ್ ಒತ್ತಿದೆ. ಪರದೆ ಮೌನವಾಗಿ ಪಾಲಿಸಿತು.

ಇನ್ನು ಹಂಚಿಕೆ. ಬರಲಿರುವ ಒಬ್ಬೊಬ್ಬರ ಹೆಸರು ಕೊಟ್ಟು, 'ಇವರು ಕೊಟ್ಟಿರದ ಖಣಗಳನ್ನು ತೋರಿಸು' ಎಂದು ಕೇಳುತ್ತ ಹೋದೆ. ಶಾಂತಾಬಾಯಿಗೆ ಯಾವುದನ್ನು ಕೊಡಬಹುದೆಂದರೆ ಇಡೀ ಪೆಟ್ಟಿಗೆಯೇ ಇಳಿದು ಬಂತು. ಬೆಳಗಾವಿಯ ಚಿಕ್ಕಮ್ಮನಿಗೂ ಇಡೀ ಪೆಟ್ಟಿಗೆ. ಯಾರಿಗೂ ಯಾವ ಅಡ್ಡಿಯೂ ಇಲ್ಲ! ಹೆಂಗಸರು ಇಷ್ಟು ವರ್ಷ ಕಟ್ಟಿಕೊಂಡು ಬಂದಿರುವ ಭಯವೆಲ್ಲ ಭ್ರಮೆಯೆಂದು ನನಗೆ ಖಾತ್ರಿಯಾಯಿತು. ಕೊನೆಗೆ ಗಂಗಕ್ಕನ ಹೆಸರು ಕೊಟ್ಟೆ. ಒಂದು ಸಾಲೂ ಬರಲಿಲ್ಲ. ಅವಳಿಗೆ ಕೊಡಬಹುದಾದ ಖಣ ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ. ಇಲ್ಲಿ ನಾನು 'ಆಧಾರ?' ಎಂದು ಕೇಳಬೇಕಿತ್ತು. ಕುದುರೆ ಸವಾರರ ಬಗ್ಗೆ ಕೇಳಿದವನು, ಹುಲಿಯ ಬಗ್ಗೆ ಕೇಳಿದವನು, ಇಲ್ಲಿ ಕೇಳಲಿಲ್ಲ. ಬದಲಿಗೆ, ಅಕ್ಕ ಇಷ್ಟು ವರ್ಷಗಳಲ್ಲಿ ನಮ್ಮ ಮನೆಗೆ ಎಷ್ಟೊಂದು ಕೊಟ್ಟಿದ್ದಾಳೆಂದು ಕಣ್ಣು ಒದ್ದೆಮಾಡಿಕೊಂಡೆ. ತುಳಶಿಬಾಗಿನ ಪೇಟೆಗೆ ಹೋಗಿ ಅವಳಿಗಾಗಿ ಹೊಸದೊಂದು ಖಣ ಕೊಂಡು ತಂದೆ.

"ಅಕ್ಕಾರಿಗೆ ಹೊಸಾದು?" ಎಂದು ಸುಶೀಲಾ ಹುಬ್ಬೇರಿಸಿದಳು.

"ಮಷೀನು ಹೇಳ್ಯದ."

"ಹೇಳಲಿ. ಹೋದ ಸಲ ನನ್ನ ನೆನಪಿನ ಮ್ಯಾಲೆ ನಡದು ರಾಮಾಯಣ ಆತು. ಈ ಸಲ ನಾ ತುಟಿ ಬಿಚ್ಚಂಗಿಲ್ಲ. ನೀವು ಯಾವ ಚೀಟಿ ಯಾವ ಖಣಕ್ಕ ಹಚ್ಚತೀರಿ, ಕಣ್ಣು ಮುಚ್ಚಿ ಅದನ್ನs ಕೊಡತೀನಿ."

ನನ್ನ ದಾಂಪತ್ಯದಲ್ಲಿ ನನಗೆ ಸಿಕ್ಕ ಪೂರ್ಣಾಧಿಕಾರ ಇದೊಂದೇ. ಚೀಟಿ ಹಚ್ಚುವಾಗ ನನ್ನ ಸೌಂದರ್ಯಪ್ರಜ್ಞೆಯನ್ನೂ ಸ್ವಲ್ಪ ಬಳಸಿದೆ. ಪ್ರತಿಯೊಬ್ಬರ ಮುಖ ನೆನಪಿಸಿಕೊಂಡು, ಅವರಿಗೆ ಒಪ್ಪುವ ಬಣ್ಣ ಯಾವುದೆಂದು ಆರಿಸಿ ಹಚ್ಚಿದೆ. ಒಬ್ಬರ ಮುಖ ನೆನೆದಾಗ ಒಂದು ಬಣ್ಣ ತಾನಾಗಿ ಕಣ್ಣ ಮುಂದೆ ಬರುವುದು ಏಕೆಂದು ಆಗ ನಾನು ಯೋಚಿಸಲಿಲ್ಲ. ಆ ಬಣ್ಣದ ಜೊತೆಗೇ ಅವರನ್ನು ಯಾವುದೋ ಕಾರ್ಯದಲ್ಲಿ ನಮ್ಮ ಬಾಗಿಲಲ್ಲಿ ಕಂಡಿದ್ದೆನೆಂಬುದು ಹೊಳೆಯಲಿಲ್ಲ.

ಕುಬಸದ ದಿನ ಗಂಗಕ್ಕ ಬಂದಳು. ಸುಶೀಲಾಳತ್ತ ನೋಡದೆ ಒಳಬಂದು, ಮೇಧಾಳ ಗಲ್ಲ ನೇವರಿಸಿ, ಮೊದಲ ಉಡಿ ತುಂಬಿದಳು. ಅಲ್ಲಿಯವರೆಗೆ ಎಲ್ಲವೂ ಸುಸೂತ್ರ. ಆಮೇಲೆ ಬಂದವರಿಗೆಲ್ಲ ಸುಶೀಲಾ ಚೀಟಿ ಓದಿ ಓದಿ ಖಣ ಕೊಟ್ಟಳು. ಬೆಳಗಾವಿಯ ಚಿಕ್ಕಮ್ಮ ತಮ್ಮದನ್ನು ಬಿಡಿಸಿ ನೋಡಿ, ಮತ್ತೆ ಮಡಚಿ, ತೊಡೆಯ ಕೆಳಗೆ ಇಟ್ಟುಕೊಂಡರು. ಅವರ ಪಕ್ಕದವರೂ ಹಾಗೆಯೇ ಮಾಡಿದರು. ತಮ್ಮದೇ ಬಟ್ಟೆಯನ್ನು ಗುರುತಿಸಿದವರು ಬಾಯಿ ಬಿಡುವಂತಿಲ್ಲ. ಬಿಟ್ಟರೆ, ಅದನ್ನು ತಾವೂ ಇನ್ನೊಬ್ಬರಿಂದ ಪಡೆದು ದಾಟಿಸಿದ್ದು ಹೊರಗೆ ಬಂದೀತು, ಆ ಇನ್ನೊಬ್ಬರು ಅದೇ ಜಮಖಾನೆಯ ಮೇಲೆ ಕುಳಿತಿದ್ದಾರು. ಈ ಸಂಕೋಚವಿಲ್ಲದವರು ಮೇಲಿನ ಮನೆಯ ಮರಾಠಿ ಶಾಂತಾಬಾಯಿ ಒಬ್ಬರೇ. "ಅಹೋ, ಹಾ ತರ ಮಾಝಾಚ ಖಣ!" ಎಂದು, ತಮ್ಮದೇ ಖಣ ತಮಗೇ ಬಂತಲ್ಲಾ ಎಂದು ಎತ್ತಿ ಹಿಡಿದು ನಕ್ಕುಬಿಟ್ಟರು.

ಸುಶೀಲಾ ನನ್ನ ಮುಖ ನೋಡಿದಳು. ನಾನು ಗಂಗಕ್ಕನ ಮುಖ ನೋಡಿದೆ. ಅವಳದಂತೂ ಹೊಸ ಖಣ, ಅಲ್ಲಿ ಅಪಾಯವಿಲ್ಲ ಎಂಬ ಧೈರ್ಯ ನನಗಿತ್ತು. ಅವಳು ಖಣವನ್ನು ತಿರುವಿ, ಮೂಲೆಯಲ್ಲಿ ಅಂಟಿಕೊಂಡಿದ್ದ ಅಂಗಡಿಯ ಚೀಟಿಯನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು.

"ಎಲ್ಲಾರಿಗೂ ಪೆಟ್ಟಿಗ್ಯಾಗಿನ್ವು, ನನಗೊಬ್ಬಾಕಿಗೆ ಅಂಗಡ್ಯಾಗಿಂದು" ಎಂದಳು ನಿಧಾನವಾಗಿ. "ಯಾಕ? ನಾ ಏನ ನಿಮ್ಮ ಸಾಹೇಬರ ಹೆಂಡ್ತೀನ, ಉಪಚಾರ ಮಾಡಿ ಕಳಸಲಿಕ್ಕೆ? ಮನ್ಯಾಗಿನ ಒಂದು ಹಳೇ ಖಣ ಕೊಡೂವಷ್ಟೂ ನಾ ನಿಮಗ ಮನೀಯಾಕಿ ಅಲ್ಲೇನು?"

ತನ್ನದು ತನಗೆ ಮರಳಬಾರದು, ಹೊಸದೂ ಬರಬಾರದು, ಹಳೆಯದಾಗಿರಬೇಕು, ಆದರೆ ಪರರದಾಗಿರಬೇಕು. ಈ ಷರತ್ತನ್ನು ನನಗೆ ಯಾರೂ ಹೇಳಿರಲಿಲ್ಲ. ಅವಳ ಕೈ ಚೀಲದತ್ತ ಹೋಯಿತು. ಚೀಲದಿಂದ ಸ್ವಾರಗೇಟಿಗೆ, ಸ್ವಾರಗೇಟಿನಿಂದ ಇಂದಾಪುರಕ್ಕೆ ಹಾದಿ ಎಷ್ಟು ಹತ್ತಿರವೆಂದು ನಾನು ಬಲ್ಲೆ. ಹಸಿರು ಸೀರೆಯ ಮೇಧಾ ಮಣೆಯ ಮೇಲಿಂದ "ಅತ್ಯಾ!" ಎನ್ನುತ್ತ ಅರ್ಧ ಎದ್ದಳು. ನಾನು ಗಾಬರಿಯಲ್ಲಿ ಒಳಗೆ ಹೋಗಿ ಲ್ಯಾಪ್‌ಟಾಪನ್ನೇ ಎತ್ತಿ ತಂದೆ. "ಅಕ್ಕಾ, ಇದು ನನ್ನ ಮಾತಲ್ಲ, ಆಧಾರ ಅದ, ನೀನs ನೋಡು" ಎಂದು ಖಣಗಳ ಕೋಷ್ಟಕವನ್ನು ಪೂರ್ತಿ ತೋರಿಸಲು ಆಜ್ಞೆ ಕೊಟ್ಟೆ.

ಪರದೆಯ ಮೇಲೆ ಸಾಲುಗಳು ಇಳಿದವು. ಕೆಂಪು ಖಣ, ಕೊಟ್ಟವರು ಗಂಗಕ್ಕ. ನೇರಳೆ ಖಣ, ಕೊಟ್ಟವರು ಗಂಗಕ್ಕ. ಅರಿಶಿನ ಬಣ್ಣದ್ದು, ಗಂಗಕ್ಕ. ಶಾಂತಾಬಾಯಿ ಈಗಷ್ಟೇ ತಮ್ಮದೆಂದು ಎತ್ತಿ ಹಿಡಿದ ನೀಲಿ ಖಣ, ಗಂಗಕ್ಕ. ಮೇಲಿನಿಂದ ಕೆಳಗಿನವರೆಗೆ, ಜಾರುವ ಒತ್ತಕ್ಷರಗಳೊಂದಿಗೆ, ಗಂಗಕ್ಕನ ಹೆಸರೊಂದೇ. ಹಿಂದೆ ನಿಂತಿದ್ದ ಚೇತನ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಮಾವ, ಅಪ್‌ಡೇಟ್ ಕೊಟ್ರಲ್ಲ, ಯಾವ ಖಣಕ್ಕೆ ಅಂತ ಕಂಡೀಷನ್ನೇ ಹಾಕಿಲ್ಲ. ಪಾಪ ಅದು ಎಲ್ಲಾದಕ್ಕೂ ಮಾಡ್ಬಿಟ್ಟಿದೆ." ಬರೆದಷ್ಟನ್ನೇ ಮಾಡುವ, ತನ್ನದೇನನ್ನೂ ಸೇರಿಸದ ಸಾಕ್ಷಿ.

ಗಂಗಕ್ಕ ಕನ್ನಡಕ ಸರಿಪಡಿಸಿಕೊಂಡು ಬಾಗಿದಳು. ಬೆರಳಿಟ್ಟು, ಒಂದೊಂದೇ ಸಾಲನ್ನು ತುಟಿ ಆಡಿಸುತ್ತ ಓದಿದಳು. ಓದುತ್ತ ಹೋದಂತೆ ಅವಳ ಬೆನ್ನು ನೆಟ್ಟಗಾಯಿತು. "ಅಂದ್ರ," ಎಂದು ತಲೆ ಎತ್ತಿ ಸುತ್ತ ನೋಡಿದಳು, "ಇವತ್ತ ಇಷ್ಟೂ ಮಂದೀಗೆ ಉಡಿ ತುಂಬಿದಾಕಿ ನಾನs ಅಂದಂಗಾತು!"

ನಾನು ಬಾಯಿ ತೆರೆದೆ. ಅದು ಸತ್ಯವಲ್ಲ, ಪ್ರಮಾದ, ವಿವರಿಸಬೇಕು. ಆದರೆ ಸುಶೀಲಾ ಆಗಲೇ ನಾದಿನಿಯ ಪಕ್ಕಕ್ಕೆ ಬಂದು ಕುಳಿತಿದ್ದಳು. "ಹೌದ್ರಿ ಅಕ್ಕಾರ. ಈ ಪೆಟ್ಟಿಗಿ ತುಂಬಿದ್ದು ನಿಮ್ಮ ಕೈಯಿಂದs. ಅದಕ್ಕs ನಿಮಗ ಕೊಡಲಿಕ್ಕೆ ಅದರಾಗ ಏನೂ ಉಳೀಲಿಲ್ಲ, ಹೊಸಾದು ತರಬೇಕಾತು. ನನ್ನ ನೆನಪು ಭಾಳ ಕೆಟ್ಟದ ನೋಡ್ರಿ." ಇದನ್ನು ಹೇಳುತ್ತ ಅವಳು ನನ್ನತ್ತ ಒಂದು ದೃಷ್ಟಿ ಬೀರಿದಳು. ಅದರ ತುದಿಗೆ ಅರ್ಧವಿರಾಮದ ಚಿಹ್ನೆಯೂ ಇತ್ತು. ನಾನು ಬಾಯಿ ಮುಚ್ಚಿದೆ.

"ನಿನ್ನ ನೆನಪಿಗೇನಾಗ್ಯದ ಬಿಡು" ಎಂದಳು ಗಂಗಕ್ಕ ಉದಾರವಾಗಿ. "ಈ ವಾಮ್ಯಾನ ಜೋಡಿ ಇಷ್ಟು ವರ್ಷ ಬಾಳೇ ಮಾಡಿದ ಮ್ಯಾಲೆ ಯಾರ ತಲೀನೂ ನೆಟ್ಟಗ ಉಳಿಯೂದಿಲ್ಲ. ಸಣ್ಣಾಂವ ಇದ್ದಾಗ ನಮ್ಮ ಮುತ್ತಜ್ಜನ ಹುಲಿ ಖರೇ ಏನು ಅಂತ ಕೇಳಿ ಪೆಟ್ಟು ತಿಂದಾನ, ಗೊತ್ತದ ಏನ ನಿನಗ?" ಸುಶೀಲಾಳಿಗೆ ಗೊತ್ತಿತ್ತು. ಆದರೂ ಗೊತ್ತಿಲ್ಲವೆಂದು ಹೇಳಿ, ಪೂರ್ತಿ ಕಥೆಯನ್ನು ಹೇಳಿಸಿಕೊಂಡಳು. ಇಬ್ಬರೂ ನಗುತ್ತ ಊಟಕ್ಕೆ ಎದ್ದರು. ಗಂಗಕ್ಕ ಅಂದು ಎರಡು ಹೋಳಿಗೆ ಹಾಕಿಸಿಕೊಂಡಳು. ಹೋದ ವರ್ಷದ್ದೂ ಸೇರಿಸಿ ಎಂದು ಚೇತನ್ ಅಂದ.

ಹೊರಡುವ ಮುನ್ನ ಪರದೆಯ ಒಂದು ಫೋಟೋ ತೆಗೆಸಿಕೊಂಡು ಹೋದಳು. ಅದು ಈಗ ಇಂದಾಪುರದಲ್ಲಿ ಮನೆಯಿಂದ ಮನೆಗೆ ಸಂಚರಿಸುತ್ತಿದೆ ಎಂದು ಕೇಳುತ್ತೇನೆ. ಪುಣೆಯ ತಮ್ಮನ ಮನೆಯ ಖಣಗಳನ್ನೆಲ್ಲ ಗಂಗಕ್ಕನೇ ಕೊಟ್ಟದ್ದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆಧಾರ ಕೇಳಿದವರಿಗೆ ಆಧಾರವೂ ಇದೆ, ಕಂಪ್ಯೂಟರಿನದು. ಇನ್ನು ಗಿಳಿಹಸಿರು ಖಣ ನಿಜಕ್ಕೂ ಯಾರದು ಎಂದು ಬೇರೆ ಬೇರೆಯಾಗಿ ಇಬ್ಬರನ್ನೂ ವಿಚಾರಿಸಿದೆ. "ಯಾವ ಗಿಳಿಹಸಿರು ಖಣ?" ಎಂದು ಇಬ್ಬರೂ ಒಂದೇ ಉತ್ತರ ಕೊಟ್ಟರು. ಫೋಟೋದಲ್ಲಿನ ಬಟ್ಟೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಅದು ಬಾಳೆ ಎಲೆಯೂ ಇರಬಹುದು.

ಮೊನ್ನೆ ತಪ್ಪನ್ನು ತಿದ್ದಿಬಿಡೋಣವೆಂದು ಲ್ಯಾಪ್‌ಟಾಪ್ ತೆರೆದು ಕುಳಿತೆ. ಸುಶೀಲಾ ಬಾಗಿಲಲ್ಲಿ ನಿಂತು, "ಅದನ್ನ ಮುಟ್ಟಬ್ಯಾಡ್ರಿ. ಬಾಣಂತನಕ್ಕ ಅಕ್ಕಾರ ಬರೋರಿದ್ದಾರ" ಎಂದಳು. ಮುತ್ತಜ್ಜನ ವಿಷಯದಲ್ಲಿ ನನಗೀಗ ಬೇರೆಯೇ ಅನುಮಾನ. ಅವರು ಹುಲಿಯ ಕಥೆಯನ್ನು ತಾವಾಗಿ ಹೇಳಿರಲಿಕ್ಕಿಲ್ಲ; ಮನೆಯವರು ಯಾರೋ ಹೇಳುವಾಗ ಕೊಡೆ ಹಿಡಿದು ಸುಮ್ಮನೆ ಕುಳಿತಿದ್ದಿರಬೇಕು. ನಾನು ಬೆರಳುಗಳನ್ನು ಹಿಂದೆ ಎಳೆದುಕೊಂಡೆ. ಪರದೆಯಲ್ಲಿ ಗೆರೆ ಮಿಟುಕುತ್ತಿತ್ತು. ಆಜ್ಞೆಯ ಪಾಲನೆಯಾಗಿತ್ತು, ಆದುದರಿಂದ ಉತ್ತರವೇನೂ ಬರಲಿಲ್ಲ.